ಕೇಬಲ್ ಕಟ್ಟಾಗಿದೆಯಾ? ರೌಟರ್ ಆಫ್ ಮಾಡಿ ಆನ್ ಮಾಡಿ ಸಾರ್

ಅಮೆರಿಕದ ಮಕ್ಕಳು ರಜಕ್ಕೆ ಮೈಸೂರಿಗೆ ಬಂದಾಗ ಬೀಗುವುದಕ್ಕೆ ನಮಗೀಗ ಎರಡು ವಿಷಯಗಳಿವೆ. ಒಂದು ಅರಮನೆ, ಇನ್ನೊಂದು ಇಂಟರ್ನೆಟ್ ಬಿಲ್. ಅಲ್ಲಿ ಮನೆ ಇಂಟರ್ನೆಟ್ಟಿಗೆ ತಿಂಗಳಿಗೆ 60-70 ಡಾಲರ್ ಕಟ್ಟುವುದು ಮಾಮೂಲಿ. ಇಲ್ಲಿ 399 ರೂಪಾಯಿಗೇ ಸಿಗುತ್ತದೆ. ಶೇ. 18 ಜಿಎಸ್‌ಟಿ ಸೇರಿದರೂ 471. ಭಾನುವಾರ ಸಂಜೆ ಅರಮನೆಯ ದೀಪ ಉರಿಯುತ್ತದೆ. ನೆಟ್ಟಿನ ದೀಪ ವಾರವಿಡೀ ಉರಿಯುತ್ತದೆ, ಕೆಂಪಗೆ.

ಉರಿಯದೆ ಏನು ಮಾಡೀತು? ನಮ್ಮ ನೆಟ್ಟಿನ ಫೈಬರ್ ಕೇಬಲ್ಲು ಲೈಟ್ ಕಂಬದಿಂದ ಹೊಂಗೆ ಮರಕ್ಕೆ, ಮರದಿಂದ ಎದುರುಮನೆಯ ತಾರಸಿಗೆ ಜೋತಾಡಿಕೊಂಡು ಬರಬೇಕು. ಕೊಂಬೆ ಕಡಿಯುವವರು ಜೊತೆಗೆ ಅದನ್ನೂ ಕಡಿಯುತ್ತಾರೆ. ನೆಲದಡಿ ಹಾಕಿದ್ದು ಯುಜಿಡಿ (ಒಳಚರಂಡಿ) ಅಗೆಯುವಾಗ ಹೋಗುತ್ತದೆ. ಅಲ್ಲಿ ಉಳಿದರೆ ನೀರಿನ ಪೈಪಿನವರು ಬರುತ್ತಾರೆ. ಫೋನ್ ಮಾಡಿದರೆ, "ರೌಟರ್ ಆಫ್ ಮಾಡಿ ಆನ್ ಮಾಡಿ ಸಾರ್." ಕೇಬಲ್ ಬೀದಿಗೆ ಬಿದ್ದಿದೆ, ಹಸು ಅದರ ಮೇಲೆ ಮಲಗಿದೆ ಅಂದರೂ ಅದೇ ಮಾತು. ಸರಿ, ಹಸುವನ್ನೂ ಒಂದು ಸಲ ಎಬ್ಬಿಸಿ ಮಲಗಿಸೋಣವಾ?

ರೊಮೇನಿಯಾದಲ್ಲೂ ಹೀಗೇ ಶುರುವಾಗಿದ್ದು. ಬಡಾವಣೆಯ ಹುಡುಗರು ಕಟ್ಟಡದಿಂದ ಕಟ್ಟಡಕ್ಕೆ ತಾವೇ ವೈರ್ ಎಳೆದರು. ಪೈಪೋಟಿ ಬೆಳೆದು, ಈಗ ಅಲ್ಲಿ ತಿಂಗಳಿಗೆ 10 ಯೂರೋ ಆಸುಪಾಸಿನಲ್ಲಿ 1 ಗಿಗಾಬಿಟ್ (ಸಾವಿರ ಎಂಬಿಪಿಎಸ್) ವೇಗದ ನೆಟ್ ಸಿಗುತ್ತದೆ. ನಾವೂ ವೈರ್ ಎಳೆದೆವು. ನೋಡೋಕೆ ಚೆನ್ನಾಗಿದೆ ಅಂತ ಅಷ್ಟಕ್ಕೇ ಬಿಟ್ಟೆವು.

ನಮಗೆ ಆಸೆ ಕಮ್ಮಿ, ಅಷ್ಟೇ. 2023ರವರೆಗೆ 512 ಕೆಬಿಪಿಎಸ್ (ಸುಮಾರು ಅರ್ಧ ಎಂಬಿಪಿಎಸ್) ವೇಗ ಬಂದರೂ ಸರ್ಕಾರದ ಲೆಕ್ಕದಲ್ಲಿ ಅದು ಬ್ರಾಡ್‌ಬ್ಯಾಂಡ್. ಈಗ 2 ಎಂಬಿಪಿಎಸ್. ಅಮೆರಿಕದವರು 2024ರಲ್ಲಿ ಇದನ್ನು 100ಕ್ಕೆ ಏರಿಸಿಕೊಂಡು ಕೂತಿದ್ದಾರೆ. ಆ ದುರಾಸೆಗೇ ಅಲ್ವಾ ಅಷ್ಟು ಬಿಲ್ಲು!

ಆದರೆ ಬ್ರಿಟನ್ನಿನವರ ಒಂದು ಪದ್ಧತಿ ಇಲ್ಲಿಗೆ ಬರಲೇಬಾರದು. ಅಲ್ಲಿ ನೆಟ್ ಕೆಟ್ಟು, ಎರಡು ಕೆಲಸದ ದಿನ ಕಳೆದರೂ ಸರಿಯಾಗದಿದ್ದರೆ, ಅಲ್ಲಿನ ಪರಿಹಾರ ಯೋಜನೆಗೆ ಸೇರಿದ ಕಂಪನಿಗಳು ಕೇಳದೆಯೇ ದಿನದ ಲೆಕ್ಕದಲ್ಲಿ ಪರಿಹಾರ ಕೊಡಬೇಕು. 2019ರಲ್ಲಿ ಶುರುವಾದಾಗ ದಿನಕ್ಕೆ 8 ಪೌಂಡ್ ಇತ್ತು. ಈಗಿನ ಲೆಕ್ಕದಲ್ಲಿ 800 ರೂಪಾಯಿಗೂ ಜಾಸ್ತಿ. ನಮ್ಮ ತಿಂಗಳ ಬಿಲ್ ಒಂದೇ ದಿನಕ್ಕೆ ವಾಪಸ್, ಮೇಲೆ ಲಾಭ.

ಇದು ಇಲ್ಲಿ ಜಾರಿಗೆ ಬಂದರೆ ಕುವೆಂಪುನಗರದ ಜನ ಜೆಸಿಬಿ ಡ್ರೈವರನ್ನು ತಾವೇ ಕರೆದು, ಮಸಾಲೆದೋಸೆ ಕೊಡಿಸಿ, "ಅಣ್ಣಾ, ಇಲ್ಲೂ ಸ್ವಲ್ಪ ಅಗೀರಿ" ಅನ್ನುತ್ತಾರೆ.