ಪಬ್ಬಿಗೆ ಒಂದು ಗಂಟೆ, ರೈಲಿಗೆ ಹನ್ನೊಂದು

ಧಾರವಾಡದಿಂದ ಅಕ್ಕನ ಮಗ ಬಂದಿದ್ದ. ಮೊದಲ ಸಂಬಳ ಕೈಗೆ ಬಂದಿದೆ, ಬೆಂಗಳೂರಿನ ರಾತ್ರಿ ನೋಡಬೇಕಂತೆ. ಶನಿವಾರ ಚರ್ಚ್ ಸ್ಟ್ರೀಟಿಗೆ ಕರೆದುಕೊಂಡು ಹೊರಟೆ. ಅಕ್ಕ ಫೋನಿನಲ್ಲಿ, "ಹುಷಾರಿಂದ ಮನಿ ಮುಟ್ಟಸಪಾ" ಅಂದಳು. ಅವಳಿಗೇನು ಗೊತ್ತು, ಇಲ್ಲಿ ಹುಷಾರಾಗಿ ಇದ್ದುಬಿಡಬಹುದು, ಮನೆ ಮುಟ್ಟುವುದೇ ಕಷ್ಟ.

ಪಬ್ಬುಗಳಿಗೆ ರಾತ್ರಿ ಒಂದರ ತನಕ ಅನುಮತಿ. ಮೆಟ್ರೊಗೆ ಹನ್ನೊಂದು ದಾಟಿದರೆ ಆಕಳಿಕೆ. ಕುಡಿದು ಗಾಡಿ ಓಡಿಸಬಾರದೆಂದು ಪೊಲೀಸರು ಊದಿಸುವ ಯಂತ್ರ ಹಿಡಿದು ನಿಂತಿರುತ್ತಾರೆ. ಸರಿ, ಓಡಿಸುವುದಿಲ್ಲ. ಮತ್ತೆ ಹೋಗುವುದು ಹೇಗೆ? ಅದು ಬೇರೆ ಇಲಾಖೆಗೆ ಸಂಬಂಧಪಟ್ಟಿದ್ದು. ಡಿಸೆಂಬರ್ 31ಕ್ಕೆ ಮೆಟ್ರೊ ತಡರಾತ್ರಿವರೆಗೆ ಓಡುತ್ತದೆ, ಆದರೆ ಜನ ಜಾಸ್ತಿ ಎಂದು ಎಂ.ಜಿ. ರಸ್ತೆ ನಿಲ್ದಾಣಕ್ಕೇ ಬೀಗ! ಟ್ರಿನಿಟಿಗೋ ಕಬ್ಬನ್ ಪಾರ್ಕಿಗೋ ನಡೆದುಹೋಗಿ ಹತ್ತಬೇಕು. ನೆಂಟರು ಹೆಚ್ಚಾದರೆಂದು ಊಟದ ಮನೆಗೆ ಚಿಲಕ ಹಾಕಿದ ಹಾಗೆ.

ಹಾಗೆಂದು ಸರ್ಕಾರ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ. 2016ರ ವರ್ಷಾಂತ್ಯದ ರಾತ್ರಿ ಇದೇ ಬ್ರಿಗೇಡ್ ರಸ್ತೆ ಸುತ್ತಮುತ್ತ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯವಾದಾಗ ಗೃಹ ಸಚಿವ ಜಿ. ಪರಮೇಶ್ವರ ಅವರಿಗೆ ಕಂಡದ್ದು ಪಾಶ್ಚಾತ್ಯ ಉಡುಪು. 2025ರಲ್ಲಿ ಬಿಟಿಎಂ ಲೇಔಟಿನ ಬೀದಿಯಲ್ಲಿ ಹೆಣ್ಣುಮಗಳ ಮೇಲೆ ದೌರ್ಜನ್ಯವಾದ ಪ್ರಕರಣಕ್ಕೂ ಅವರೇ ಗೃಹ ಸಚಿವರು. ಇಷ್ಟು ದೊಡ್ಡ ನಗರದಲ್ಲಿ ಅಲ್ಲಿ ಇಲ್ಲಿ ಇಂಥವು ಆಗುತ್ತವೆ ಎಂದರು, ಆಮೇಲೆ ವಿಷಾದವನ್ನೂ ಹೇಳಿದರು. ನಗರ ದೊಡ್ಡದು ಅನ್ನುವುದು ನಿಜ. ಮನೆಗೆ ನಡೆದು ಹೊರಟವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಒಂದಾಯಿತು. ಹಾಡು ನಿಂತಿತು, ಕಣ್ಣು ಕುಕ್ಕುವ ಲೈಟು ಬಿತ್ತು, ಇಡೀ ಬೀದಿಯ ಪಬ್ಬುಗಳು ಒಟ್ಟಿಗೇ ಜನರನ್ನು ಕಲ್ಲುಹಾಸಿನ ಮೇಲೆ ಸುರಿದವು. ಪೊಲೀಸರ ಹೊಯ್ಸಳ ಗಸ್ತು ಗಾಡಿಯ ಮೈಕಿನಿಂದ "ಹೊರಡಿ, ಹೊರಡಿ!"

"ಮಾಮಾ, ಎಲ್ಲಿಗೆ ಹೊರಡ್ರಿ ಅನ್ನಾಕತ್ತಾರ?" ಹುಡುಗ ಕೇಳಿದ.

ಆಟೋ ಒಂದು ನಿಂತಿತು. ವಿಜಯನಗರ ಅಂದೆ. "ಎಂಟುನೂರು." ಅಳಿಯ ಬ್ಯಾಂಕಿನವನು, ಮೊಬೈಲು ತೆಗೆದ. ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಒಂಬತ್ತು ಕಿಲೋಮೀಟರಿಗೆ 162. ರಾತ್ರಿ ಹತ್ತರಿಂದ ಬೆಳಗಿನ ಐದರ ತನಕ ಒಂದೂವರೆ ಪಟ್ಟು, ಅಂದರೆ 243. ಚಾಲಕ ಬಗ್ಗಿ ಪರದೆ ನೋಡಿ, ನಿಜವಾದ ಮೆಚ್ಚುಗೆಯಿಂದ ತಲೆದೂಗಿದ. "ಲೆಕ್ಕ ಚೆನ್ನಾಗಿದೆ ಸಾರ್. ಎಂಟುನೂರೈವತ್ತು."

ಸೈಕಲ್ಲಿನಲ್ಲಿ ಚಹಾ ಮಾರುವವನೊಬ್ಬ ಸಿಕ್ಕ. ಇಡೀ ರಾತ್ರಿಯಲ್ಲಿ ನಮ್ಮನ್ನು ಎಲ್ಲಿಗೂ ಹೊರಡಿ ಅನ್ನದೆ ಇದ್ದ ಮನುಷ್ಯ ಅವನೊಬ್ಬನೇ. ಮೂರು ಮೂರು ಕಪ್ ಕುಡಿದು, ಐದಕ್ಕೆ ಮೊದಲ ರೈಲು ಹಿಡಿಯೋಣವೆಂದು ಮೆಟ್ರೊ ನಿಲ್ದಾಣಕ್ಕೆ ನಡೆದೆವು. ಶಟರ್ ಎಳೆದಿತ್ತು. ಒಳಗಿನಿಂದ ಸೆಕ್ಯುರಿಟಿಯವನು ಕಣ್ಣುಜ್ಜುತ್ತ ಬಂದ.

"ಇವತ್ತು ಭಾನುವಾರ ಅಲ್ವಾ ಸಾರ್? ಏಳಕ್ಕೆ ಬನ್ನಿ."