ಸತ್ಯಾಂಶ: ಹೆಣಿಗೆ ಕಡ್ಡಿಗೆ ವಿಮಾನದಲ್ಲಿ ನಿಷೇಧವೇ?

"ಹೆಣಿಗೆ ಕಡ್ಡಿಯನ್ನು ಯಾವ ದೇಶದ ವಿಮಾನದೊಳಕ್ಕೂ ಬಿಡುವುದಿಲ್ಲ" ಎಂಬ ಸಂದೇಶ ಕಾಸರಗೋಡಿನ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿದೆ. ಅದು ನಿಜವಲ್ಲ. ಅಮೆರಿಕ, ಬ್ರಿಟನ್‌ಗಳ ಭದ್ರತಾ ನಿಯಮಗಳು ಕೈಚೀಲದಲ್ಲಿ ಕಡ್ಡಿ ಒಯ್ಯಲು ಬಿಡುತ್ತವೆ. ಮಿತಿ ಇರುವುದು ನೂಲು ಕತ್ತರಿಸಲು ಜೊತೆಗೊಯ್ಯುವ ಕತ್ತರಿಗೆ: ಬ್ರಿಟನ್‌ನಲ್ಲಿ ಅಲಗು 6 ಸೆಂಟಿಮೀಟರ್ ಮೀರಬಾರದು, ಅಮೆರಿಕದಲ್ಲಿ ನಡುಮೊಳೆಯಿಂದ ತುದಿಯವರೆಗೆ 4 ಇಂಚಿಗಿಂತ ಕಡಿಮೆಯಿರಬೇಕು.

ಆದರೂ ತಪಾಸಣೆಯಲ್ಲಿ ಅಧಿಕಾರಿಯ ಮಾತೇ ಕೊನೆಯದು. ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಹೊರಡುವವರು ವಿಮಾನ ಸಂಸ್ಥೆಯನ್ನು ಮೊದಲೇ ಕೇಳಿಕೊಳ್ಳಿ. ಅರ್ಧ ಹೆಣೆದ ಮಗುವಿನ ಟೋಪಿ ಜೊತೆಗಿದ್ದರೆ ಅದರ ಕುಣಿಕೆಗಳನ್ನು ಗಟ್ಟಿ ದಾರಕ್ಕೆ ದಾಟಿಸಿಡಿ. ಕಡ್ಡಿ ಹೋದರೂ ವಾರಗಳ ಶ್ರಮ ಬಿಚ್ಚಿಹೋಗುವುದಿಲ್ಲ.

ಪ್ರವಾಸದಲ್ಲಿ ಐಸ್‌ಲ್ಯಾಂಡ್‌ನ ಲೋಪಿ ಎಂಬ ಉಣ್ಣೆ ನೂಲನ್ನೋ ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಗಳ ಉಣ್ಣೆಯನ್ನೋ ಹುಡುಕಿ ಕೊಳ್ಳುವಾಗ ನೂಲಿನ ಉಂಡೆಗಳಿಗೆ ಸುತ್ತಿದ ಕಾಗದದ ಮೇಲಿನ ಲಾಟ್ ಸಂಖ್ಯೆ (ಒಟ್ಟಿಗೆ ಬಣ್ಣ ಹಾಕಿದ ನೂಲಿನ ಗುರುತು) ಒಂದೇ ಇದೆಯೇ ನೋಡಿ. ಬೇರೆ ಲಾಟ್ ಆದರೆ ಬಣ್ಣ ತುಸು ಬದಲಾಗಬಹುದು, ಊರಿಗೆ ಮರಳಿದ ಮೇಲೆ ಜೋಡಿ ಸಿಗುವುದು ಕಷ್ಟ.