ಹೆಮ್ಮೆ ಬಂದದ್ದು ಪಾಸಾದ ಮೇಲೆ

ನಾನು ಓದಿದ ಒಂದು ಲೇಖನದಲ್ಲಿ, ಮನುಷ್ಯನನ್ನು ಗುರಿ ಮುಟ್ಟಿಸುವುದು ಹೆಮ್ಮೆಯೇ ಎಂದು ಲೇಖಕರು ಬರೆದಿದ್ದಾರೆ. ಪೂರ್ತಿ ಒಪ್ಪಲಾರೆ. ಹೊಗಳಿಕೆಯಿಂದ ಹೆಮ್ಮೆಪಟ್ಟವರು ಬೇಜಾರಿನ ಕೆಲಸದಲ್ಲೂ ಜಾಸ್ತಿ ಹೊತ್ತು ಕೂತರು ಎಂದು ಮನಶ್ಶಾಸ್ತ್ರಜ್ಞರಾದ ವಿಲಿಯಮ್ಸ್ ಮತ್ತು ಡೆಸ್ಟೆನೋ 2008ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ನಿಜ. ಆದರೆ ಮುಂಬೈಯಲ್ಲಿ ಹಗಲೆಲ್ಲ ಹೋಟೆಲಿನ ಲೋಟ ತೊಳೆದು, ಕೈಯ ಸೋಪಿನ ವಾಸನೆ ಹೋಗುವ ಮೊದಲೇ ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದ ನಮ್ಮೂರ ಹುಡುಗರನ್ನು ಹೊಗಳಲು ಯಾರಿದ್ದರು? ಅವರನ್ನು ಓಡಿಸಿದ್ದು ಊರಿಗೆ ಕಳಿಸಬೇಕಾದ ಮನಿಯಾರ್ಡರ್. ಮೆಟ್ರಿಕ್ ಪಾಸಾಗಿ ಬ್ಯಾಂಕ್ ಕೆಲಸ ಸಿಕ್ಕ ಮೇಲೆ ಹೆಮ್ಮೆ ಬಂತು. ಸ್ವಲ್ಪ ಜಾಸ್ತಿಯೇ ಬಂತು ಅನ್ನಿ, ನಮ್ಮ ಚಿಕ್ಕಪ್ಪ ಯಾವ ಮದುವೆಗೆ ಹೋದರೂ ತಮ್ಮ ಮಾರ್ಕ್ಸ್‌ಕಾರ್ಡಿನ ಕಥೆ ಹೇಳದೆ ಊಟಕ್ಕೆ ಏಳುವುದಿಲ್ಲ! ಸೋತರೆ ಊರಲ್ಲಿ ಮುಖ ತೋರಿಸುವುದು ಹೇಗೆ ಎನ್ನುವ ಅಂಜಿಕೆಯನ್ನೂ ಲೇಖಕರು ಲೆಕ್ಕಕ್ಕೆ ಹಿಡಿಯಬೇಕಿತ್ತು, ಅಲ್ವಾ?